ಕಣ್ಣು ಮುಚ್ಚಿ ಕೇಳಿದ ಓಟ

ನನ್ನ ಮೊಮ್ಮಗಳು ರ‍್ಯಾಲಿ ಗಾಡಿ ಓಡಿಸುತ್ತಾಳೆ. ಈ ಒಂದು ಸಾಲು ಬರೆದು, ಟೀ ಆರುವ ತನಕ ಅದನ್ನೇ ನೋಡುತ್ತಾ ಕೂತಿದ್ದೆ. ಇನ್ನೊಂದು ಸಲ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳ ಮಗಳು ನಾಜಿಯಾ ಹೆಲ್ಮೆಟ್ ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು, ದೇಶದ ದೊಡ್ಡ ದೊಡ್ಡ ಡ್ರೈವರುಗಳ ಸಾಲಿನಲ್ಲಿ ನಿಂತು ಗಾಡಿ ಓಡಿಸುತ್ತಾಳೆ. ಹಿರಿಯೂರಿನ ಹೆದ್ದಾರಿ ಪಕ್ಕದ ಗ್ಯಾರೇಜಿನ ಬಾಷಾನ ಮೊಮ್ಮಗಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ನನ್ನ ಕಸುಬಲ್ಲ. ಆದರೆ ನಾಜಿಯಾಳ ತಂಡಕ್ಕೆ ಹೊಸ ಮೆಕ್ಯಾನಿಕ್ಕುಗಳು ಸೇರಿದ್ದಾರೆ. "ನಾನಾ, ಊಟಕ್ಕೆ ಕುಂತಾಗೆಲ್ಲ ನನ್ಗೆ ಹೇಳ್ತೀರಲ್ಲ, ಅದನ್ನೇ ಬರೀರಿ. ನಮ್ಮ ಹುಡುಗ್ರು ಓದ್ಕಳ್ಲಿ" ಅಂದಳು. ಮನೆಯಲ್ಲಿ ನಾವು ಆಡುವುದು ಉರ್ದು, ಅಪ್ಪನಿಗೆ ಅಬ್ಬಾ, ತಾಯಿಯ ಅಪ್ಪನಿಗೆ ನಾನಾ ಅನ್ನುತ್ತೇವೆ. ಗಾಡಿ ವಿಷಯ ಬಂತೆಂದರೆ ಮಾತ್ರ ಇಬ್ಬರೂ ಗೊತ್ತಿಲ್ಲದಂತೆ ಕನ್ನಡಕ್ಕೆ ತಿರುಗಿಬಿಡುತ್ತೇವೆ, ಗ್ಯಾರೇಜಿನ ಮಾತೆಲ್ಲ ಅದರಲ್ಲೇ ನಡೆದದ್ದು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಬರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ನೀವು ಓಟ ನೋಡುವುದಿಲ್ಲ.

ರ‍್ಯಾಲಿ ಅಂದರೆ ಟಿವಿಯಲ್ಲಿ ತೋರಿಸುವ ಹಾಗೆ ಗಾಡಿಗಳು ಗುಂಪಾಗಿ ಸುತ್ತು ಹೊಡೆಯುವುದಲ್ಲ. ಗುಡ್ಡದ ದಾರಿ, ಕೆರೆ ಏರಿ, ಹೊಲದ ನಡುವಿನ ಮಣ್ಣು ರಸ್ತೆ, ಇಂಥದ್ದನ್ನು ಬಂದ್ ಮಾಡಿ ಒಂದೊಂದೇ ಗಾಡಿಯನ್ನು ಬಿಡುತ್ತಾರೆ. ಹಾಗೆ ಬಂದ್ ಮಾಡಿದ ದಾರಿಗೆ ಸ್ಟೇಜು ಅನ್ನುತ್ತಾರೆ. ಯಾರು ಬೇಗ ಆಚೆ ಕಡೆ ಬಂದರೋ ಅವರದು ಮೇಲುಗೈ. ಸ್ಟೇಜು ಮುಗಿಸಿ ಗಾಡಿ ನಮ್ಮ ಹತ್ತಿರ ಸರ್ವೀಸಿಗೆ ಬರುತ್ತದೆ. ಕೊಟ್ಟ ನಿಮಿಷಗಳಲ್ಲಿ ಚಕ್ರ ಬಿಚ್ಚಿ, ಮುರಿದದ್ದು ಬದಲಿಸಿ, ಬಗ್ಗಿದ್ದು ನೆಟ್ಟಗೆ ಮಾಡಿ ಬಿಡಬೇಕು. ಬಿಟ್ಟ ಮೇಲೆ ಅದು ಗುಡ್ಡದ ದಾರಿ ಹಿಡಿಯುತ್ತದೆ. ನಾವು ಜಾಕಿ, ಟೈರು, ಡಬ್ಬಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಡಾಂಬರು ರಸ್ತೆಯಲ್ಲಿ ಸುತ್ತಿ ಹೋಗಿ ಮುಂದಿನ ಜಾಗದಲ್ಲಿ ಟಾರ್ಪಾಲು ಹಾಸಿಕೊಂಡು ಕಾಯುತ್ತೇವೆ. ಓಟ ಯಾವಾಗಲೂ ಗುಡ್ಡದ ಆಚೆ. ನಾವು ಯಾವಾಗಲೂ ಈಚೆ.

ನನ್ನ ಹೆಂಡತಿ ಮೆಹಬೂಬಿ ಇದ್ದಾಗ ಪ್ರತಿ ಸಲ ಇದೇ ಮಾತು.

"ಗಾಡಿ ಹೆಂಗೆ ಓಡ್ತು?"

"ಚೆನ್ನಾಗಿ ಓಡ್ತಂತೆ."

"ಓಡ್ತಂತೆ ಅಂದ್ರೇನು? ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ."

"ಸರಿ ಬಿಡ್ರಿ. ಮದುವೆಗೆ ಹೋಗಿ ಅಡುಗೆ ಮನೇಲಿ ಕುಂತು ಬಂದಂಗಾತು."

ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಒಳಗೆ ಅದು ಹಾಗೇ ಉಳಿಯಿತು. ನನ್ನ ಕೈಯಲ್ಲಿ ತಯಾರಾದ ಗಾಡಿ ಮಣ್ಣಿನಲ್ಲಿ ಓಡುವುದನ್ನು ಒಂದು ಸಲ, ಒಂದೇ ಸಲ, ಕಣ್ಣಾರೆ ನೋಡಬೇಕು ಅನ್ನುವ ಆಸೆ ಇಟ್ಟುಕೊಂಡೇ ನಾನು ಮುದುಕನಾದೆ.

ಈ ಕೆಲಸಕ್ಕೆ ನನ್ನನ್ನು ಎಳೆದು ತಂದವರು ದಿವಾಕರ್ ಅಂತ. ದಾವಣಗೆರೆಯ ಲಾರಿ ಟ್ರಾನ್ಸ್‌ಪೋರ್ಟ್ ಮನೆತನದ ಕಿರಿಯ ಮಗ. ಅವರ ಲಾರಿಗಳೆಲ್ಲ ನನಗೆ ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜಿಗೇ ಬರುತ್ತಿದ್ದುದರಿಂದ ನಾವು ಅವರನ್ನು ಸಣ್ಣ ಸಾಹುಕಾರರು ಅನ್ನುತ್ತಿದ್ದೆವು. ಒಂದು ದಿನ ಅಪ್ಪನ ಕಾರನ್ನು ಕದ್ದು ಮಾರಿಕಣಿವೆ ಡ್ಯಾಮಿನ ಹಿಂದಿನ ಗುಡ್ಡಕ್ಕೆ ಹತ್ತಿಸಿ, ಕೆಳಗಿನ ಕಬ್ಬಿಣವೆಲ್ಲ ಬಗ್ಗಿಸಿಕೊಂಡು ಬಂದರು.

"ಲೇ ಬಾಷಾ, ಅಪ್ಪಾರಿಗೆ ಗೊತ್ತಾಗದಂಗೆ ಮಾಡಿಕೊಡಬೇಕಂತೆ ನೋಡು" ಅಂದರು ಉಸ್ತಾದರು.

ಮಾಡಿಕೊಟ್ಟೆ. ಮರುವಾರ ಮತ್ತೆ ಬಗ್ಗಿಸಿಕೊಂಡು ಬಂದರು. ಮೂರನೇ ಸಲಕ್ಕೆ, "ಬಾಷಣ್ಣ, ನಾನು ಇಲ್ಲಿಗೆ ಬರೋ ಬದ್ಲು ನೀವೇ ನನ್ ಜತೆ ಬಂದ್ಬಿಡ್ರಿ. ರೇಸ್ ಐತೆ, ಹೋಗಾಣ" ಅಂದರು. ತಗಡಿನ ಟೂಲ್ ಪೆಟ್ಟಿಗೆ ಎತ್ತಿಕೊಂಡು ಹೊರಟವನು ಮಂಡಿ ಸೋಲುವ ತನಕ ವ್ಯಾನಿನಿಂದ ಇಳಿಯಲಿಲ್ಲ.

ತಂಡಕ್ಕೆ ಒಬ್ಬರು ಮ್ಯಾನೇಜರು ಇದ್ದರು. ಮಿಲಿಟರಿಯಿಂದ ನಿವೃತ್ತರಾದವರು, ಮೈಸೂರಿನ ಕಡೆಯವರು. ನಾವೆಲ್ಲ ಮೇಜರ್ ಸಾಹೇಬರು ಅನ್ನುತ್ತಿದ್ದೆವು. ಕೊರಳಲ್ಲಿ ಪೀಪಿ. ಒಂದು ನಟ್ಟು ನೆಲಕ್ಕೆ ಬಿದ್ದರೆ ಪೀಪಿ ಊದುತ್ತಿದ್ದರು, ಊಟ ತಡವಾದರೂ ಊದುತ್ತಿದ್ದರು. ಆಗ ಮೊಬೈಲು ಎಲ್ಲಿ ಬರಬೇಕು? ಗಾಡಿಗೆ ಸ್ಟೇಜಿನಲ್ಲಿ ಏನಾಯಿತು ಅಂತ ಅದು ಬಂದು ನಿಲ್ಲುವ ತನಕ ಗೊತ್ತಾಗುತ್ತಿರಲಿಲ್ಲ. ಬಂದ ಮೇಲೆ ನೋಡಿ, ಹುಡುಕಿ, ಸಾಮಾನು ತೆಗೆಯುವ ಹೊತ್ತಿಗೆ ನಿಮಿಷವೆಲ್ಲ ಮುಗಿದೇ ಹೋಗುತ್ತಿತ್ತು. ಅದಕ್ಕೆ ಮೇಜರ್ ಸಾಹೇಬರು ನನ್ನನ್ನು ಗುಡ್ಡಕ್ಕೆ ಬೆನ್ನು ಮಾಡಿ ಕೂರಿಸುತ್ತಿದ್ದರು.

"ಕಣ್ಣು ಮುಚ್ಚಯ್ಯ."

"ನಿದ್ದೆ ಬರುತ್ತೆ ಸಾಹೇಬ್ರೇ."

"ಬಂದರೆ ಪೀಪಿ ಇದೆ. ಕಣ್ಣು ತೆರೆದಿದ್ದರೆ ಕಿವಿ ಸೋಮಾರಿ ಆಗುತ್ತೆ. ಮುಚ್ಚು."

ಗಾಡಿ ಇನ್ನೂ ಗುಡ್ಡದ ಆಚೆ ಇರುವಾಗಲೇ ಗಾಳಿಯ ಮೇಲೆ ಸದ್ದು ಬರುತ್ತಿತ್ತು. ಅದನ್ನು ಕೇಳಿ ನಾನು ಇಂಥದ್ದು ಹೋಗಿದೆ, ಇಂಥದ್ದು ತೆಗೆದಿಡ್ರಪ್ಪ ಅಂತ ಹೇಳಬೇಕು. ಒಂದೊಂದು ಸಲ ಸರಿಯಾಗುತ್ತಿತ್ತು, ಒಂದೊಂದು ಸಲ ಮರ್ಯಾದೆ ಹೋಗುತ್ತಿತ್ತು. ಯಲ್ಲದಕೆರೆ ಹತ್ತಿರ ಒಂದು ಸಲ ಗಾಡಿ ಕುಯ್ಯೋ ಅಂತ ಅಳುತ್ತಾ ಬಂತು. ಗೇರ್‌ಬಾಕ್ಸು ಹೋಯಿತು ಅಂದೆ. ಇಡೀ ಟಾರ್ಪಾಲಿನ ಮೇಲೆ ಸಾಮಾನು ಹರಡಿದೆವು. ಗಾಡಿ ನಿಂತದ್ದೇ ಕೆಳಗೆ ನುಗ್ಗಿ ಅದರ ಆಯಿಲ್ಲೆಲ್ಲ ಹೊರಗೆ ಸುರಿದುಬಿಟ್ಟೆ. ನೋಡಿದರೆ ಒಂದು ಜಾಲಿ ಕೊಂಬೆ ಸಿಕ್ಕಿಕೊಂಡು ತಿರುಗುವ ಶಾಫ್ಟಿಗೆ ಉಜ್ಜುತ್ತಿದೆ. ಕೊಂಬೆ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ. ಎಲೆ ಇನ್ನೂ ಹಸಿರಾಗಿತ್ತು.

ಮೇಜರ್ ಸಾಹೇಬರು ಪೀಪಿ ಊದಲಿಲ್ಲ. "ಬಾಷಾನ ಗೇರ್‌ಬಾಕ್ಸು ಚಿಗುರಿದೆ ನೋಡ್ರಯ್ಯ. ಯಾರಾದರೂ ಒಂದು ಚೆಂಬು ನೀರು ಹಾಕಿ" ಅಂದರು. ಎರಡು ವರ್ಷ ನನ್ನನ್ನು ಎಲ್ಲರೂ ತೋಟಗಾರ ಅಂತಲೇ ಕರೆದರು.

ಕೈಯಲ್ಲಿ ಬಡಿಯುವ ಪದ್ಧತಿ ಈಗಿನವರಿಗೆ ಗೊತ್ತಿಲ್ಲ. ಎಂಜಿನ್ ಸದ್ದು, ತಲೆಗೆ ಹೆಲ್ಮೆಟ್ಟು. ಹೊರಗಿನಿಂದ ಕೂಗಿದರೆ ಡ್ರೈವರಿಗೆ ಕೇಳಿಸದು. ಕೆಲಸವೆಲ್ಲ ಮುಗಿದು, ಗಾಡಿ ಕೆಳಗೆ ಯಾರೂ ಇಲ್ಲ, ನಟ್ಟೆಲ್ಲ ಬಿಗಿಯಾಗಿದೆ, ಇನ್ನು ಹೊರಡಬಹುದು ಅನ್ನುವುದಕ್ಕೆ ಮೆಕ್ಯಾನಿಕ್ಕು ಅಂಗೈಯಿಂದ ಗಾಡಿಯ ತಲೆ ಮೇಲೆ ಎರಡು ಸಲ ಬಡಿಯಬೇಕು. ಬಡಿದರೆ ಹೊರಡಬೇಕು. ಡ್ರೈವರು ತಿರುಗಿ ನೋಡುವುದಿಲ್ಲ. ಆ ಕೈಯ ಮೇಲಿನ ನಂಬಿಕೆಯಿಂದಲೇ ಆಕ್ಸಿಲೇಟರ್ ತುಳಿಯುತ್ತಾನೆ.

ಒಂದು ವರ್ಷ ತಾಳ್ಯದ ಬಳಿ ಸರ್ವೀಸು. ಆ ವರ್ಷ ಸಣ್ಣ ಸಾಹುಕಾರರು ಮೊದಲನೇ ಜಾಗದಲ್ಲಿದ್ದರು. ಅದೇ ಕೊನೆಯ ದಿನ. ಇನ್ನೊಂದು ಸ್ಟೇಜು ದಾಟಿದರೆ ದೇಶಕ್ಕೇ ಚಾಂಪಿಯನ್. ಸುತ್ತ ಹಳ್ಳಿಯ ಜನ ಮುತ್ತಿಕೊಂಡಿದ್ದರು. ನಾನು ಹಿಂದಿನ ಚಕ್ರ ಕೂರಿಸಿ, ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ನಿಲ್ಲಿಸಿದ್ದೆ. ಪಾನಾ ಹಾಕಿ ಬಿಗಿಯಬೇಕು ಅಷ್ಟೆ. ಗಾಡಿ ಜಾಕಿಯಿಂದ ಇಳಿದಿತ್ತು. ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಅಜ್ಜ ಜನರ ಸಂದಿಯಲ್ಲಿ ನುಸುಳಿ ಬಂದು, "ಹೋಗಿ ಗೆದ್ಕಂಡು ಬಾ ನನ್ನಪ್ಪ" ಅಂತ ಗಾಡಿಯ ತಲೆ ಮೇಲೆ ಪ್ರೀತಿಯಿಂದ ಎರಡು ಸಲ ತಟ್ಟಿದ.

ಗಾಡಿ ಹೋಯಿತು. ನನ್ನ ಕೈಯಲ್ಲಿ ಪಾನಾ ಉಳಿಯಿತು.

ಕೂಗಿಕೊಂಡು ಹಿಂದೆ ಓಡಿದೆ. ಬರೀ ಧೂಳು. ವಾಪಸ್ ಬಂದು ಗುಡ್ಡಕ್ಕೆ ಬೆನ್ನು ಮಾಡಿ ಕೂತು ಕಣ್ಣು ಮುಚ್ಚಿದೆ. ನನ್ನ ಸುತ್ತ ಅಷ್ಟು ಜನ ಇದ್ದರೂ ಅವತ್ತಿನಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿಲ್ಲ. ಸದ್ದು ಏರಿತು, ತಿರುವು ತಗೊಂಡಿತು, ಏರಿತು. ಆಮೇಲೆ ನಿಂತುಹೋಯಿತು. ಹಕ್ಕಿ ಕೂಗುವುದು ಕೇಳಿಸಿತು.

ಯಾರಿಗೂ ಏಟಾಗಿರಲಿಲ್ಲ. ಚಕ್ರ ಕಳಚಿ ಯಾರದ್ದೋ ಈರುಳ್ಳಿ ಹೊಲಕ್ಕೆ ಉರುಳಿ ಹೋಗಿತ್ತು. ಬಂದ್ ಮಾಡಿದ್ದ ರಸ್ತೆ ತೆರೆದ ಮೇಲೆ ನಾವು ಹೋದಾಗ ಸಾಹುಕಾರರು ಬದುವಿನ ಮೇಲೆ ಕೂತಿದ್ದರು. ಆ ಅಜ್ಜನೂ ಎತ್ತಿನ ಗಾಡಿ ಹೊಡೆದುಕೊಂಡು ನಮ್ಮ ಹಿಂದೆಯೇ ಬಂದಿದ್ದ, ಚಕ್ರ ಹೇರಿಕೊಂಡು ಬರಲು.

"ತಪ್ಪಾತಪ್ಪ. ಹೊಲಕ್ಕೆ ಹೊಂಟ ಎತ್ತಿಗೆ ಹಂಗೆ ತಟ್ಟಿ ಕಳಿಸ್ತೀವಿ. ಅದೂ ಹಂಗೇ ಮಿಸುಕಾಡ್ತಾ ನಿಂತಿತ್ತು ನೋಡು, ಕೈ ತಡೀಲಿಲ್ಲ" ಅಂದ ಅಜ್ಜ.

ಮೇಜರ್ ಸಾಹೇಬರ ಮುಖ ಕೆಂಡವಾಗಿತ್ತು. ಸಾಹುಕಾರರು ಅಜ್ಜನನ್ನು ಬಿಟ್ಟು ನನ್ನನ್ನು ಕೇಳಿದರು: "ನೀವು ತಟ್ಟಿದ್ದಲ್ಲ ತಾನೇ?"

"ಅಲ್ಲ."

"ಬೇರೆ ಕೈ ಅಂತ ನನಗೆ ಗೊತ್ತಾಗಬೇಕಿತ್ತು. ಗೆಲ್ಲೋ ಆತುರ. ಅದಕ್ಕೆ ಯಾವ ಕೈ ಆದ್ರೂ ಸಾಕಾಗಿತ್ತು." ಬದುವಿನಿಂದ ಎದ್ದು, "ಇನ್ಮೇಲೆ ಎರಡು ಬಡೀರಿ, ಒಂದು ಉಸಿರು ತಡೀರಿ, ಆಮೇಲೆ ಇನ್ನೊಂದು. ಹಂಗೆ ಯಾರೂ ಎತ್ತು ತಟ್ಟಲ್ಲ" ಅಂದರು.

ಆವತ್ತಿನಿಂದ ಅದು ನಮ್ಮಿಬ್ಬರದ್ದೇ ಆಯಿತು. ಎರಡು, ತಡೆದು ಒಂದು.

ಮರುವರ್ಷ ಅವರು ಚಾಂಪಿಯನ್ ಆದರು, ಅದರ ಮರುವರ್ಷವೂ ಆದರು. ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಅವರ ಫೋಟೋ ಇರುವ ಟೈರಿನ ಜಾಹೀರಾತು ಬಂತು. ಹೊಸಬರು ಏನು ಅಂದುಕೊಳ್ಳುತ್ತೀರಿ ಅಂದರೆ, ಹೆಸರಾದ ಡ್ರೈವರಿನ ಸುತ್ತ ಸದಾ ಜನ, ಹಾರ, ಕ್ಯಾಮೆರಾ. ಅದು ಇರುತ್ತದೆ. ಜನ ಹೋದ ಮೇಲೆ ಏನಿರುತ್ತದೆ ಅಂತ ನಾನು ನೋಡಿದ್ದೇನೆ. ಗೆದ್ದ ಸಂಜೆ ಲಾಡ್ಜಿನ ರೂಮಿಗೆ ಟೂಲ್ ಪೆಟ್ಟಿಗೆಯ ಬೀಗದ ಕೈ ಕೊಡಲು ಹೋದರೆ, ಶೂ ಕೂಡ ಬಿಚ್ಚದೆ ಗೋಡೆ ನೋಡುತ್ತಾ ಕೂತಿರುತ್ತಿದ್ದರು.

"ಕುಂತ್ಕಳ್ರಿ ಬಾಷಣ್ಣ. ಮಾತಾಡೋದು ಬ್ಯಾಡ, ಸುಮ್ನೆ ಕುಂತ್ಕಳ್ರಿ."

ಕೂರುತ್ತಿದ್ದೆ. ಅವರು ಏನು ನೋಡಿ ಬಂದಿದ್ದಾರೋ ನಾನು ಕಂಡವನಲ್ಲ, ನಾನು ಹೇಗೆ ಕಾದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಇಬ್ಬರೂ ಒಂದೇ ಗಾಡಿಯವರು.

ಆಮೇಲೆ ಅವರನ್ನು ಫಾರಿನ್ ತಂಡದವರು ಕರೆದರು. ಅಲ್ಲಿನ ಗಾಡಿಗೆ ಅಲ್ಲಿನ ಮೆಕ್ಯಾನಿಕ್ಕುಗಳೇ. ನನ್ನ ಕೆಲಸ ಇಲ್ಲೇ ಉಳಿಯಿತು, ಹೊಸ ಹೊಸ ಡ್ರೈವರುಗಳ ಜೊತೆ. ಒಂದು ಮಧ್ಯಾಹ್ನ ಗ್ಯಾರೇಜಿನ ಫೋನು ಬಡಿದುಕೊಂಡಿತು. ಮಲೇಷ್ಯಾದಿಂದ.

"ಹೆಂಗೈತೆ ಸಾವ್ಕಾರ್ರೇ ಅಲ್ಲಿ?"

"ಎಲ್ಲಾ ಚೆಂದ ಐತೆ. ಗಾಡಿ ಬೆಣ್ಣೆ. ಕಿವಿಯೊಳಗೆ ಯಂತ್ರ ಇಟ್ಟವ್ರೆ, ಹೋಗು ಅಂದ್ರೆ ಹೋಗಬೇಕು. ಗಾಡಿ ಮೇಲೆ ಯಾರೂ ಕೈ ಇಡಲ್ಲ ಬಾಷಣ್ಣ ಇಲ್ಲಿ."

"ಒಳ್ಳೇದೇ ಆತಲ್ಲ. ಎತ್ತಿನ ಅಜ್ಜ ಬರಲ್ಲ."

ನಕ್ಕರು. ನಗು ಮುಗಿದ ಮೇಲೂ ಫೋನು ಇಡಲಿಲ್ಲ. ದುಡ್ಡು ದಂಡ ಆಗುತ್ತೆ ಇಡ್ರಿ ಅಂತ ನಾನೇ ಅಂದೆ.

ಅಲ್ಲಿ ಅವರು ಗೆದ್ದದ್ದೂ ಉಂಟು. ಆಮೇಲೆ ಗಾಡಿ ಮಗುಚಿ ಬೆನ್ನಿಗೆ ಪೆಟ್ಟಾಯಿತು. ಜಾಹೀರಾತಿನ ಟೈರು ಹಾಗೇ ಇತ್ತು, ಮೇಲಿನ ಮುಖ ಬೇರೆಯವರದ್ದಾಯಿತು. ಒಂದು ದಿನ ಮಟಮಟ ಮಧ್ಯಾಹ್ನ ಗ್ಯಾರೇಜಿನ ಮುಂದೆ ಒಂದು ಸಾಧಾರಣ ಕಾರು ನಿಂತಿತು. ಇಳಿದವರು ಅವರೇ. ಟೀ ಕುಡಿದರು, ಉಸ್ತಾದರು ತೀರಿಕೊಂಡಿದ್ದನ್ನು ಕೇಳಿ ಬೇಜಾರು ಮಾಡಿಕೊಂಡರು, ಇನ್ನು ಓಡಿಸುವುದಿಲ್ಲ, ಲಾರಿ ವ್ಯವಹಾರ ನೋಡಿಕೊಳ್ಳುತ್ತೇನೆ ಅಂದರು. ಹೋಗಿ ಕಾರಿನಲ್ಲಿ ಕೂತರು. ಎಂಜಿನ್ ಶುರು ಮಾಡಿದರು. ಆದರೆ ಹೊರಡಲಿಲ್ಲ. ಮುಂದಕ್ಕೆ ನೋಡುತ್ತಾ ಸ್ಟೇರಿಂಗು ಹಿಡಿದುಕೊಂಡೇ ಇದ್ದರು. ಏನಾದರೂ ಮರೆತರೇನೋ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಕೈ ಒರೆಸಿಕೊಂಡು ಹೋಗಿ ಮೇಲೆ ಬಡಿದೆ. ಎರಡು. ತಡೆದು, ಒಂದು.

ಹೋದರು. ತಿರುಗಿ ನೋಡಲಿಲ್ಲ. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಆಮೇಲೆ ಕಾಲ ಬದಲಾಯಿತು. ಕಾರ್ಬೊರೇಟರು ಹೋಗಿ ಕಂಪ್ಯೂಟರು ಬಂತು. ಗಾಡಿಗೆ ವೈರು ಚುಚ್ಚಿದರೆ ಪರದೆಯ ಮೇಲೆ ರೋಗ ಕಾಣುತ್ತದೆ. ಸುಳ್ಳು ಯಾಕೆ ಹೇಳಲಿ, ನನ್ನ ಕಿವಿಗಿಂತ ಅದೇ ವಾಸಿ. ಜಾಲಿ ಕೊಂಬೆಯ ಸದ್ದಿಗೆ ಗೇರ್‌ಬಾಕ್ಸು ಅನ್ನುವುದಿಲ್ಲ. ಹೊಸಬರು ಅದನ್ನು ಚೆನ್ನಾಗಿ ಕಲಿಯಿರಿ. ಗುಡ್ಡಕ್ಕೆ ಬೆನ್ನು ಮಾಡಿ ಕೂರುವವರು ಬೇಕಾಗಲಿಲ್ಲ, ನನ್ನ ಮಂಡಿಯೂ ಬಗ್ಗಲಿಲ್ಲ. ಮನೆಗೆ ಬಂದೆ. ಮೆಹಬೂಬಿ ಹೋಗಿ ಆಗಲೇ ವರ್ಷವಾಗಿತ್ತು. ಗಾಡಿ ಹೆಂಗೆ ಓಡ್ತು ಅಂತ ಕೇಳುವವರು ಇರಲಿಲ್ಲ.

ನಾಜಿಯಾ ಸಣ್ಣವಳಿದ್ದಾಗಿಂದ ರಜೆಗೆ ಚಿತ್ರದುರ್ಗದಿಂದ ನನ್ನ ಹತ್ತಿರ ಬರುತ್ತಿದ್ದಳು. ನನ್ನ ಹಳೇ ಜೀಪಿನಲ್ಲಿ ಕಲಿತಳು. ಒಂದು ದಿನ ಡ್ಯಾಮಿನ ಹಿಂದಿನ ಅದೇ ಗುಡ್ಡಕ್ಕೆ ಹತ್ತಿಸಿ, ಕೆಳಗಿನ ಕಬ್ಬಿಣವೆಲ್ಲ ಬಗ್ಗಿಸಿಕೊಂಡು ಬಂದು ನಿಂತಳು. ಬೈಯಬೇಕು ಅಂತ ಬಾಯಿ ತೆರೆದವನಿಗೆ ನಗು ಬಂದುಬಿಟ್ಟಿತು. ನನ್ನ ಮಗಳು ರೇಷ್ಮಾ ಮಾತ್ರ ಸುಮ್ಮನಿರಲಿಲ್ಲ.

"ಅಬ್ಬಾ, ನಿಮ್ಮ ತಲೆ ಅಂತೂ ಗ್ರೀಸಾಗೈತೆ. ಅವಳದ್ದನ್ನೂ ಮಾಡಬ್ಯಾಡ್ರಿ."

"ನಾನೇನು ಮಾಡಿದೆ? ಅವಳೇ ಬಗ್ಗಿಸ್ಕಂಡು ಬಂದ್ಲು."

"ನೆಟ್ಟಗೆ ಮಾಡಿಕೊಟ್ಟೋರು ಯಾರು?"

ಈಗ ಅದೇ ರೇಷ್ಮಾ ಇಡೀ ಬೀದಿಗೆ ಮಗಳ ವಿಡಿಯೋ ತೋರಿಸಿಕೊಂಡು ಓಡಾಡುತ್ತಾಳೆ.

ಈ ವರ್ಷ ರ‍್ಯಾಲಿ ನಮ್ಮ ಕಡೆಗೇ ಬಂತು. ಗಾಡಿಗೆ ಹೊಸ ಸಸ್ಪೆನ್ಶನ್, ಅಂದರೆ ಶಾಕು, ಬುಷ್ಷು ಎಲ್ಲ ಹಾಕುವಾಗ ನಾಜಿಯಾ ನನ್ನನ್ನು ತಂಡದ ಗ್ಯಾರೇಜಿಗೆ ಕರೆಸಿಕೊಂಡಿದ್ದಳು. ಹುಡುಗರು ಬೇಡ ಅನ್ನಲಿಲ್ಲ. ಹಿಂದಿನ ಎರಡೂ ಚಕ್ರದ ಕೆಲಸ ನನ್ನ ಕೈಯಿಂದಲೇ ಆಯಿತು. ಅಂದರೆ ನನ್ನ ಗಾಡಿ ಅಂತಲೂ ಅನ್ನಬಹುದು. ಅನ್ನುತ್ತೇನೆ.

ರ‍್ಯಾಲಿ ದಿನ ಸರ್ವೀಸಿನ ಹತ್ತಿರ ಹೋದರೆ ಹಗ್ಗ ಕಟ್ಟಿದ್ದರು. "ಅಜ್ಜ, ಪಾಸಿಲ್ದೋರು ಹಗ್ಗದಾಚೆ ನಿಂತ್ಕಳ್ರಿ" ಅಂದ ಒಬ್ಬ. ನಾನೇ ಎಷ್ಟು ಜನಕ್ಕೆ ಅಂದಿಲ್ಲ ಆ ಮಾತನ್ನು. ನಾಜಿಯಾ ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದಳು. ಯಾರೂ ಬಡಿಯದೆಯೇ ಗಾಡಿ ಹೊರಟಿತು. ನನ್ನ ಕೈ ಮಾತ್ರ ತಾನಾಗಿ ಎದ್ದು, ಹಗ್ಗದ ಮೇಲೆ ಇಳಿಯಿತು.

ಆಗ ಹೊಳೆಯಿತು. ವ್ಯಾನಿಲ್ಲ, ಟಾರ್ಪಾಲಿಲ್ಲ, ಮುಂದಿನ ಜಾಗಕ್ಕೆ ಓಡಬೇಕಿಲ್ಲ. ಇನ್ನು ನೋಡಬಹುದು.

ಹೊರಕೆರೆದೇವಪುರದ ಕಡೆಯ ಗುಡ್ಡದಲ್ಲಿ ಒಂದು ದೊಡ್ಡ ತಿರುವಿದೆ ಅಂತ ಗೊತ್ತಿತ್ತು. ಮಧ್ಯಾಹ್ನದ ಸ್ಟೇಜು ಅಲ್ಲಿಯೇ. ಬಸ್ಸಿಳಿದು ನಡೆದೆ. ಮಂಡಿ ಬೈಯಿತು. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಜನ ಕೆಳಗೆ ಗುಂಪಾಗಿ ನಿಂತಿದ್ದರು, ನಾನು ಎತ್ತರದ ಬಂಡೆಯ ಮೇಲೆ ಒಬ್ಬನೇ ಕೂತೆ. ಒಂದೊಂದಾಗಿ ಗಾಡಿಗಳು ಹೋದವು. ಆಮೇಲೆ ಗುಡ್ಡದ ಆಚೆ ಒಂದು ಸದ್ದು ಎದ್ದಿತು. ನಮ್ಮದು. ನಾನು ನೆಟ್ಟಗೆ ಕೂತೆ. ಎರಡನೇ ಗೇರು, ಮೂರು, ಹಿಂದಿನ ಚಕ್ರ ಹಗುರಾಗಿ ಕುಣಿಯುತ್ತಿದೆ, ಬುಷ್ಷು ಸರಿ ಇದೆ, ಬ್ರೇಕು, ಮತ್ತೆ ಎರಡು, ತಿರುವು, ಆಹಾ, ಎಷ್ಟು ಚೊಕ್ಕ ತಿರುಗಿಸಿದಳು ಅಂತ ಅಂದುಕೊಳ್ಳುವಾಗ ಮುಖಕ್ಕೆ ಧೂಳು ಹೊಡೆಯಿತು.

ಆಗ ಕಣ್ಣು ಬಿಟ್ಟೆ. ಅಲ್ಲಿಯವರೆಗೆ ಮುಚ್ಚಿಕೊಂಡಿದ್ದೆ. ಗಾಡಿ ಹೋಗಿ ಆಗಿತ್ತು.

ಆ ಬಂಡೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಜನ ಇಳಿದು ಹೋದರು. ಮೇಜರ್ ಸಾಹೇಬರು ಯಾವ ಲೋಕದಲ್ಲಿ ಪೀಪಿ ಊದುತ್ತಿದ್ದಾರೋ, ಅವರನ್ನೂ ಬೈದೆ. ಮೆಹಬೂಬಿ ಇದ್ದಿದ್ದರೆ ಏನನ್ನುತ್ತಿದ್ದಳು ಅಂತ ಯೋಚಿಸಿ ನಗು ಬಂತು, ನಗುವಿನ ಹಿಂದೆಯೇ ಇನ್ನೊಂದು ಬಂತು.

ಸಂಜೆ ಹಗ್ಗದ ಹತ್ತಿರ ನಾಜಿಯಾ ಬಂದಳು. ಮುಖವೆಲ್ಲ ಕೆಂಪು ಮಣ್ಣು.

"ನೋಡಿದ್ರಾ ನಾನಾ?"

"ಇಲ್ಲ ಬೇಟಾ. ದೊಡ್ಡ ತಿರುವಿನ ಬಂಡೆ ಮೇಲೇ ಕುಂತಿದ್ದೆ, ಕಣ್ಣು ಮುಚ್ಕಂಡಿದ್ದೆ."

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ನಾಳೆ ಬೆಳಗ್ಗೆ ಅದೇ ತಿರುವಿಗೆ ಇನ್ನೊಂದು ಸಲ ಬರ್ತೀನಿ. ಅದೇ ಬಂಡೆ ಮೇಲೆ ಕುಂತಿರ್ರಿ" ಅಂದಳು.

ಮರುದಿನ ಕೂತೆ. ಎರಡು ಕೈಯಲ್ಲೂ ಬಂಡೆ ಹಿಡಿದುಕೊಂಡು, ರೆಪ್ಪೆ ಬಡಿಯದ ಹಾಗೆ ಮುಖ ಬಿಗಿದುಕೊಂಡು ಕೂತೆ. ಕಣ್ಣಲ್ಲಿ ನೀರು ಸುರಿಯಿತು, ಒರೆಸಲಿಲ್ಲ.

ನನಗೆ ಗೊತ್ತಿದ್ದ ಗಾಡಿಗಳೆಲ್ಲ ಜಾಕಿಯ ಮೇಲೆ ಕಾಲೆತ್ತಿ ನಿಂತ ಗಾಡಿಗಳು, ಏನೋ ಮುರಿದುಕೊಂಡು ಬಂದವು. ಇದು ಗುಡ್ಡದ ಸಂದಿಯಿಂದ ನೇರ ಬರಲಿಲ್ಲ, ಅಡ್ಡಡ್ಡ ಬಂತು. ಮೂತಿ ಬಂಡೆಯ ಕಡೆಗೆ, ಹಿಂದಿನ ಚಕ್ರ ಕಣಿವೆಯ ಕಡೆಗೆ, ಕೆಂಪು ಮಣ್ಣು ಸೆರಗಿನ ಹಾಗೆ ಹಿಂದೆ ಹರಡಿಕೊಂಡು. ಗಾಜಿನ ಒಳಗೆ ಒಂದು ಸಣ್ಣ ಹೆಲ್ಮೆಟ್ಟು. ಪಕ್ಕದಲ್ಲಿ ಮುಂದಿನ ತಿರುವು ಓದಿ ಹೇಳುವ ಜೊತೆಗಾರರು ಕೂತಿದ್ದರೂ ಆ ಹೆಲ್ಮೆಟ್ಟಿನೊಳಗೆ ಅವಳು ಒಬ್ಬಳೇ ಅನ್ನುವುದು ಕಂಡಿತು. ನಾನು ಅಷ್ಟು ವರ್ಷ ಕಳಿಸಿಕೊಟ್ಟವರೆಲ್ಲ ಹೀಗೆ ಹೋಗುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ನೋಡಬಾರದು. ಗಾಡಿ ನೆಟ್ಟಗಾಯಿತು, ಏರಿತು, ಗುಡ್ಡದ ಆಚೆ ಇಳಿಯಿತು.

ಬಂದವರಲ್ಲಿ ಅವಳು ನಡುವಿನಲ್ಲಿ ಎಲ್ಲೋ ಮುಗಿಸಿದಳು. ಸಂಜೆ ಹಗ್ಗ ಬಿಚ್ಚಿದ್ದರು. ನನ್ನನ್ನು ಕಂಡದ್ದೇ ಓಡಿ ಬಂದಳು.

"ನಾನಾ, ಆ ತಿರುವಲ್ಲಿ ಹಿಂದ್ಗಡೆ ಏನೋ ಕಟಕಟ ಅಂತಿತ್ತು. ಸದ್ದು ಕೇಳಿಸ್ತಾ? ಬುಷ್ಷಾ, ಶಾಕಾ? ಏನಂತೀರಿ?"

ಹುಡುಗರೆಲ್ಲ ನನ್ನ ಬಾಯಿ ನೋಡುತ್ತಾ ನಿಂತರು.

"ಗೊತ್ತಿಲ್ಲ ಬೇಟಾ" ಅಂದೆ. "ಏನೂ ಕೇಳಿಸಲಿಲ್ಲ. ನಿನ್ನನ್ನ ನೋಡ್ತಿದ್ದೆ."